ಯೋಗಾಭ್ಯಾಸವೂ ನಿತ್ಯಾನುಷ್ಠಾನವೂ

॥ ಶ್ರೀಹರಿಃ ಓಂ ॥

ಇಂದಿನ ನಗರಜೀವನದಲ್ಲಿ ‘ಯೋಗ’ ಎಂಬ ಶಬ್ದ ಕಿವಿಗೆ ಬೀಳದ ಮನೆಯಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರಿನಲ್ಲಿ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಘೋಷಿಸಿದ ಮೇಲೆ, 2015ರಿಂದ ಮೊದಲುಗೊಂಡು ಪ್ರತಿವರ್ಷವೂ ಆ ದಿನದ ಆಚರಣೆ ನಡೆದುಬಂದಿದೆ. ಮುಂಬಯಿಯ ಉದ್ಯಾನಗಳಲ್ಲಿ, ಪುಣೆಯ ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ, ಚೆನ್ನೈಯ ಕಡಲತೀರದಲ್ಲಿ ಬೆಳಗಿನ ಜಾವ ಚಾಪೆ ಹಾಸಿ ಆಸನ ಮಾಡುವವರನ್ನು ದಿನವೂ ಕಾಣಬಹುದು. ಅವರಲ್ಲಿ ನಮ್ಮ ಮಾಧ್ವ ಮನೆತನಗಳವರೂ ಅನೇಕರಿರುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಇದರ ಜೊತೆಯಲ್ಲಿಯೇ ಮನೆಮನೆಗಳಲ್ಲಿ ಒಂದು ಸಂದೇಹವೂ ತಲೆದೋರಿದೆ. ಶಾಖಾಮಠಗಳಲ್ಲಿ ಪ್ರವಚನ ಮುಗಿದ ಮೇಲೆ ಹಿರಿಯರೂ ಕಿರಿಯರೂ ಕೇಳುವ ಪ್ರಶ್ನೆಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದನ್ನು ಶಾಸ್ತ್ರದೃಷ್ಟಿಯಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಎರಡು ಪೂರ್ವಪಕ್ಷಗಳು

ಮೊದಲನೆಯದು ಕೆಲವು ಹಿರಿಯರ ಪಕ್ಷ. ಆಸನಗಳ ಈ ಅಭ್ಯಾಸವು ಹಠಯೋಗದಿಂದ ಬಂದದ್ದು. ಹಠಯೋಗದ ಗ್ರಂಥಗಳು ನಾಥಸಂಪ್ರದಾಯದವು. ಪಾತಂಜಲ ಮತವನ್ನು ಬ್ರಹ್ಮಸೂತ್ರಕಾರರೇ ನಿರಾಕರಿಸಿದ್ದಾರೆ. ಆದಕಾರಣ ತತ್ತ್ವವಾದಿಗಳಾದ ನಮಗೆ ಇದರಿಂದ ಆಗಬೇಕಾದದ್ದು ಏನೂ ಇಲ್ಲ. ಸಂಧ್ಯಾವಂದನೆ, ಜಪ, ದೇವರಪೂಜೆಗಳೇ ಸಾಕು ಎಂದು ಅವರು ಹೇಳುತ್ತಾರೆ.

ಎರಡನೆಯದು ಕೆಲವು ಕಿರಿಯರ ಪಕ್ಷ. ಸಂಧ್ಯಾವಂದನೆಯಲ್ಲಿ ಇರುವುದೂ ಪ್ರಾಣಾಯಾಮ, ಯೋಗದ ತರಗತಿಯಲ್ಲಿ ಕಲಿಸುವುದೂ ಪ್ರಾಣಾಯಾಮ. ಅಲ್ಲಿಯೂ ಧ್ಯಾನ, ಇಲ್ಲಿಯೂ ಧ್ಯಾನ. ಬೆಳಗ್ಗೆ ಒಂದು ಗಂಟೆ ಯೋಗ ಮಾಡಿದರೆ ಸಂಧ್ಯಾವಂದನೆಯೂ ಆದಂತೆಯೇ ಅಲ್ಲವೆ? ಏಳು ಗಂಟೆಯ ಲೋಕಲ್ ರೈಲು ಹಿಡಿಯಬೇಕಾದವರಿಗೆ ಎರಡನ್ನೂ ಮಾಡಲು ಸಮಯವೆಲ್ಲಿದೆ? ಇದು ಅವರ ಪ್ರಶ್ನೆ.

ತಂದೆ ಮೊದಲನೆಯ ಪಕ್ಷವನ್ನೂ ಮಗ ಎರಡನೆಯ ಪಕ್ಷವನ್ನೂ ಹಿಡಿದರೆ ಪರಿಣಾಮವೇನು? ತಂದೆಗೆ ಮಂಡಿಯ ನೋವಿನಿಂದ ನೆಲದ ಮೇಲೆ ಕುಳಿತು ಪೂಜೆ ಮಾಡಲಾಗುವುದಿಲ್ಲ. ಮಗನ ದೇಹ ಬಳ್ಳಿಯಂತೆ ಬಾಗುತ್ತದೆ, ಆದರೆ ಅವನಿಗೆ ಅರ್ಘ್ಯ ಕೊಡುವ ಕ್ರಮವೇ ಮರೆತುಹೋಗಿದೆ. ಒಬ್ಬರಲ್ಲಿ ಅನುಷ್ಠಾನವಿದ್ದು ಉಪಕರಣ ಕೆಟ್ಟಿದೆ. ಇನ್ನೊಬ್ಬರಲ್ಲಿ ಉಪಕರಣ ಚೆನ್ನಾಗಿದ್ದು ಅನುಷ್ಠಾನ ನಿಂತಿದೆ. ಈ ಎರಡು ನಷ್ಟಗಳೂ ಒಂದೇ ಮನೆಯಲ್ಲಿ ಆಗುತ್ತಿರುವುದರಿಂದಲೇ ವಿಚಾರವು ಅವಶ್ಯಕವಾಗಿದೆ.

‘ಯೋಗ’ ಶಬ್ದದ ವ್ಯಾಪ್ತಿ

ಮೊದಲು ಶಬ್ದಾರ್ಥವನ್ನು ನೋಡೋಣ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸಿದ್ಧಿ ಮತ್ತು ಅಸಿದ್ಧಿಗಳಲ್ಲಿ ಸಮಬುದ್ಧಿಯಿಂದಿರುವುದನ್ನು ಭಗವಂತನು ಯೋಗವೆಂದು ಕರೆದಿದ್ದಾನೆ. ಅಲ್ಲಿಯೇ ಸ್ವಲ್ಪ ಮುಂದೆ ಕರ್ಮದಲ್ಲಿನ ಕೌಶಲವನ್ನೂ ಯೋಗವೆಂದಿದ್ದಾನೆ. ಆರನೆಯ ಅಧ್ಯಾಯದಲ್ಲಿ ಧ್ಯಾನವು ಯೋಗವಾಗಿದೆ, ಹನ್ನೆರಡನೆಯದರಲ್ಲಿ ಭಕ್ತಿಯು. ಇಂದು ನಗರದಲ್ಲಿ ‘ಯೋಗಕ್ಕೆ ಹೋಗುತ್ತೇನೆ’ ಎಂದರೆ ಕೈಕಾಲುಗಳನ್ನು ಚಾಚಿ ಬಾಗಿಸುವ ಆಸನಾಭ್ಯಾಸ ಎಂದಷ್ಟೇ ಅರ್ಥ. ಅಂಗಕ್ಕೆ ಅಂಗಿಯ ಹೆಸರನ್ನು ಕೊಟ್ಟದ್ದರಿಂದಲೇ ಈ ಗೊಂದಲವೆಲ್ಲ ಉಂಟಾಗಿದೆ.

ಪತಂಜಲಿಯ ಯೋಗಸೂತ್ರಗಳು 195 (ಕೆಲವು ಪಾಠಗಳಲ್ಲಿ 196). ಅವುಗಳಲ್ಲಿ ಆಸನವನ್ನು ನಿರೂಪಿಸುವ ಸೂತ್ರಗಳು ಎರಡನೆಯ ಪಾದದಲ್ಲಿ ಬರುವ ಮೂರು ಮಾತ್ರ! ಎಂಟು ಅಂಗಗಳಲ್ಲಿ ಯಮ, ನಿಯಮಗಳಾದ ಮೇಲೆ ಆಸನಕ್ಕೆ ಮೂರನೆಯ ಸ್ಥಾನ. ಸತ್ಯ, ಅಹಿಂಸೆ, ಶೌಚ, ಸಂತೋಷ, ಈಶ್ವರಪ್ರಣಿಧಾನಗಳನ್ನು ಬಿಟ್ಟು ನೇರವಾಗಿ ಮೂರನೆಯ ಮೆಟ್ಟಿಲಿಗೆ ಹಾರಿದವನು ಪತಂಜಲಿಯ ಮತದಂತೆಯೂ ಯೋಗಿಯಲ್ಲ. ಆ ಮೂರು ಸೂತ್ರಗಳು ಹೇಳುವುದಾದರೂ ಏನು? ಆಸನವು ಅಲುಗದೆ ಇರಬೇಕು, ಸುಖವಾಗಿಯೂ ಇರಬೇಕು. ದೇಹದ ಬಿಗಿಯನ್ನು ಸಡಿಲಿಸಿ ಅನಂತನಲ್ಲಿ ಮನಸ್ಸನ್ನು ನೆಲೆಗೊಳಿಸುವುದರಿಂದ ಅದು ಸಿದ್ಧಿಸುತ್ತದೆ. ಸಿದ್ಧಿಸಿದ ಮೇಲೆ ಶೀತೋಷ್ಣಾದಿ ದ್ವಂದ್ವಗಳು ಬಾಧಿಸವು. ಇಲ್ಲಿಯ ಅನಂತನೆಂದರೆ ಭೂಮಿಯನ್ನು ಹೊತ್ತಿರುವ ಶೇಷನೆಂದು ವಾಚಸ್ಪತಿಮಿಶ್ರರು ವಿವರಿಸಿದ್ದಾರೆ. ಭಾರ ಹೊತ್ತರೂ ಅಲುಗದ ಶೇಷನ ಸ್ಮರಣೆಯಿಂದ ಆಸನವು ಸ್ಥಿರವಾಗುವುದೆಂಬ ಈ ಮಾತು ವೈಷ್ಣವರಿಗೆ ಅಪರಿಚಿತವಾದುದಲ್ಲ.

ಇನ್ನು ಹಠಯೋಗದ ಗ್ರಂಥಗಳು. ಕ್ರಿಸ್ತಶಕ 15ನೆಯ ಶತಮಾನದ್ದೆಂದು ಎಣಿಸಲಾದ ಸ್ವಾತ್ಮಾರಾಮನ ಹಠಪ್ರದೀಪಿಕೆಯು ಆಸನವನ್ನೇ ಮೊದಲ ಅಂಗವಾಗಿಟ್ಟು 15 ಆಸನಗಳನ್ನು ವರ್ಣಿಸುತ್ತದೆ. ಆದರೆ ಆ ಗ್ರಂಥವೂ ಹಠಾಭ್ಯಾಸವನ್ನು ರಾಜಯೋಗವೆಂಬ ಎತ್ತರಕ್ಕೆ ಏರುವವನ ಏಣಿಯೆಂದೇ ಆರಂಭದಲ್ಲಿ ಹೇಳಿಕೊಂಡಿದೆ. ಏಣಿಯ ಮೇಲೆಯೇ ಮನೆ ಕಟ್ಟಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಸೂತ್ರಕಾರರು ನಿರಾಕರಿಸಿದ್ದು ಯಾವುದನ್ನು?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಆರಂಭದಲ್ಲಿ ಯೋಗಸ್ಮೃತಿಯನ್ನು ನಿರಾಕರಿಸುವ ಸೂತ್ರವಿರುವುದು ನಿಜ. ಅದು ನಿರಾಕರಿಸುವುದು ಸಿದ್ಧಾಂತವನ್ನು. ಪಾತಂಜಲ ದರ್ಶನದಲ್ಲಿ ಈಶ್ವರನು ಕ್ಲೇಶಕರ್ಮಗಳ ಲೇಪವಿಲ್ಲದ ಒಬ್ಬ ವಿಶಿಷ್ಟ ಪುರುಷ. ಜಗತ್ತಿನ ಸೃಷ್ಟಿಸ್ಥಿತಿಲಯಗಳಿಗೆ ಸ್ವತಂತ್ರ ಕಾರಣನಾದ ಸರ್ವೋತ್ತಮನಲ್ಲ. ಅಲ್ಲಿಯ ಮೋಕ್ಷವು ಪ್ರಕೃತಿಯಿಂದ ಬೇರ್ಪಟ್ಟು ಕೇವಲನಾಗಿ ಉಳಿಯುವುದು. ನಮ್ಮ ಸಿದ್ಧಾಂತದಲ್ಲಾದರೋ ಮೋಕ್ಷವು ಸ್ವರೂಪಾನಂದದ ಆವಿರ್ಭಾವ, ಶ್ರೀಹರಿಯ ಪ್ರಸಾದದಿಂದಲೇ ದೊರೆಯತಕ್ಕದ್ದು. ಈ ಭೇದವು ಅಲ್ಪವಾದುದಲ್ಲ.

ಆದರೆ ಅದೇ ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ, ಉಪಾಸನೆಯನ್ನು ಕುಳಿತೇ ಮಾಡಬೇಕೆಂದು ಹೇಳುವ ಅಧಿಕರಣವೂ ಇದೆ ಎಂಬುದನ್ನು ಮರೆಯಬಾರದು. ಶ್ರೀಮದಾಚಾರ್ಯರು ಅಲ್ಲಿ, ಭಗವಂತನ ಸ್ಮರಣೆಯು ಎಲ್ಲ ಕಾಲದಲ್ಲಿಯೂ ನಡೆಯಬೇಕಾದದ್ದಾದರೂ, ಕುಳಿತಾಗ ವಿಕ್ಷೇಪವು ಕಡಿಮೆಯಾಗುವುದರಿಂದ ವಿಶೇಷವಾಗಿ ಆಸೀನನಾಗಿಯೇ ಉಪಾಸನೆ ಮಾಡಬೇಕೆಂದು ತಿಳಿಸಿದ್ದಾರೆ. ನಡೆಯುವವನ ಮನಸ್ಸು ದಾರಿಯಲ್ಲಿರುತ್ತದೆ, ಮಲಗಿದವನನ್ನು ನಿದ್ರೆ ಸೆಳೆಯುತ್ತದೆ; ಆದ್ದರಿಂದ ಕುಳಿತುಕೊಳ್ಳಬೇಕು, ಅಚಲವಾಗಿ ಕುಳಿತುಕೊಳ್ಳಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿಯೂ ಬಹಳ ಎತ್ತರವಲ್ಲದ, ಬಹಳ ತಗ್ಗೂ ಅಲ್ಲದ ಶುದ್ಧವಾದ ಪೀಠದಲ್ಲಿ ದೇಹ, ತಲೆ, ಕುತ್ತಿಗೆಗಳನ್ನು ನೆಟ್ಟಗೆ ಹಿಡಿದು ಕುಳಿತುಕೊಳ್ಳುವ ಕ್ರಮವನ್ನು ಭಗವಂತನೇ ಬೋಧಿಸಿದ್ದಾನೆ. ಭಾಗವತದ ಮೂರನೆಯ ಸ್ಕಂಧದ 28ನೆಯ ಅಧ್ಯಾಯದಲ್ಲಿ ಕಪಿಲರೂಪಿಯಾದ ಶ್ರೀಹರಿಯು ತಾಯಿ ದೇವಹೂತಿಗೆ ಆಸನಜಯವನ್ನೂ, ಪೂರಕ, ಕುಂಭಕ, ರೇಚಕಗಳಿಂದ ಪ್ರಾಣಮಾರ್ಗದ ಶೋಧನೆಯನ್ನೂ ಹೇಳಿ, ಆ ಮೇಲೆ ಭಗವಂತನ ಪಾದಕಮಲದಿಂದ ಮೊದಲುಮಾಡಿ ಮಂದಹಾಸದವರೆಗೆ ಒಂದೊಂದು ಅವಯವವನ್ನು ಧ್ಯಾನಿಸುವ ಕ್ರಮವನ್ನು ಉಪದೇಶಿಸಿದ್ದಾನೆ. ಆಸನ, ಪ್ರಾಣಾಯಾಮಗಳು ಇಲ್ಲಿ ಬಾಗಿಲು, ಒಳಗಿರುವವನು ಶ್ರೀಹರಿ.

ಆದಕಾರಣ ಮೊದಲನೆಯ ಪೂರ್ವಪಕ್ಷವು ನಿಲ್ಲುವುದಿಲ್ಲ. ಅಲುಗದೆ ಕುಳಿತುಕೊಳ್ಳುವುದು ಉಪಾಸನೆಗೆ ಅಂಗವಾದ ಪಕ್ಷದಲ್ಲಿ, ಹಾಗೆ ಕುಳಿತುಕೊಳ್ಳಬಲ್ಲ ಬೆನ್ನು, ಸೊಂಟ, ಮಂಡಿಗಳನ್ನು ಉಳಿಸಿಕೊಳ್ಳುವುದೂ ಕರ್ತವ್ಯವೇ ಆಗುತ್ತದೆ. ನಮ್ಮ ಪೂರ್ವಿಕರಿಗೆ ಇದಕ್ಕಾಗಿ ಪ್ರತ್ಯೇಕ ಅಭ್ಯಾಸ ಬೇಕಿರಲಿಲ್ಲ. ಹೊಳೆಯವರೆಗೆ ನಡೆದು, ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬಿ, ನೆಲದ ಮೇಲೆ ಮಣೆ ಹಾಕಿ ಉಂಡು, ಚಾಪೆಯ ಮೇಲೆ ಮಲಗಿ ಏಳುತ್ತಿದ್ದವರಿಗೆ ಜೀವನವೇ ವ್ಯಾಯಾಮವಾಗಿತ್ತು. ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿ, ಊಟಕ್ಕೆ ಮೇಜು, ಏರಲು ಲಿಫ್ಟು, ಮಲಗಲು ಮಂಚ ಇರುವ ನಮಗೆ ದಿನದಲ್ಲಿ ಒಮ್ಮೆಯಾದರೂ ನೆಲಕ್ಕೆ ಕುಳಿತು ಏಳುವ ಪ್ರಸಂಗ ಬರುವುದು ದೇವರ ಮುಂದೆ ಮಾತ್ರ. ಆ ಒಂದು ಸಲವೂ ಮಂಡಿ ಮಣಿಯದಂತೆ ಆಗಿರುವುದನ್ನು ಆರಾಧನೆಯ ದಿನಗಳಲ್ಲಿ ಮಠದ ತೀರ್ಥಪ್ರಸಾದದ ಪಂಕ್ತಿಯಲ್ಲಿ ನೋಡಬಹುದು. ನೆಲದ ಸಾಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ, ಮೇಜಿನ ಸಾಲು ಬೆಳೆಯುತ್ತಿದೆ.

ದೇಹವು ಸಾಧನಶರೀರ

ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ, ಧರ್ಮಸಾಧನೆಗೆ ದೇಹವೇ ಮೊದಲ ಉಪಕರಣವೆಂಬ ಪ್ರಸಿದ್ಧವಾದ ಮಾತು ಬರುತ್ತದೆ. ಆ ಮಾತಿನ ಸಂದರ್ಭವನ್ನು ಅನೇಕರು ಗಮನಿಸುವುದಿಲ್ಲ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು, ಕಠೋರ ತಪಸ್ಸಿನಲ್ಲಿ ತೊಡಗಿರುವ ಪಾರ್ವತಿಯನ್ನು ಕುಶಲ ವಿಚಾರಿಸುತ್ತ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸನ್ನು ಮಾಡುತ್ತಿರುವೆಯಷ್ಟೆ ಎಂದು ಕೇಳುವಾಗ ಆಡುವ ಮಾತದು. ದೇಹವನ್ನು ಮುದ್ದಿಸುವವನಿಗಲ್ಲ, ತಪಸ್ಸು ಮಾಡುವವನಿಗೆ ಆ ಎಚ್ಚರಿಕೆ ಸಲ್ಲುತ್ತದೆ.

ಕಠೋಪನಿಷತ್ತಿನಲ್ಲಿ ದೇಹವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಹಗ್ಗವೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ಹೇಳಿ, ಈ ಪ್ರಯಾಣದ ಕೊನೆಯು ವಿಷ್ಣುವಿನ ಪರಮಪದವೆಂದು ತಿಳಿಸಿದೆ. ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ಈ ದೃಷ್ಟಾಂತ ಬೇಗನೆ ಹಿಡಿಸುತ್ತದೆ. ಇಂಜಿನ್ನನ್ನು ನಿಯತಕಾಲಕ್ಕೆ ಶೆಡ್ಡಿಗೆ ಕಳುಹಿಸಿ ತಪಾಸಣೆ ಮಾಡಿಸದಿದ್ದರೆ ಅದು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ಹಿಂದಿನ ಗಾಡಿಗಳೂ ನಿಲ್ಲುತ್ತವೆ. ಹಾಗೆಂದು ಶೆಡ್ಡಿನಲ್ಲಿಯೇ ಇಟ್ಟು ದಿನವೂ ಒರೆಸಿ ಹೊಳಪು ಕೊಡುತ್ತಿದ್ದರೆ ಆ ಇಂಜಿನ್ನಿನಿಂದ ಪ್ರಯೋಜನವೇನು? ಅದು ಗಾಡಿಯನ್ನು ಎಳೆದು ಊರು ಮುಟ್ಟಿಸಬೇಕು. ಆಸನಾಭ್ಯಾಸವು ಶೆಡ್ಡು, ಅನುಷ್ಠಾನವು ಓಡಾಟ, ಮುಟ್ಟಬೇಕಾದ ಊರು ಬೇರೆ ಇದೆ.

ಯೋಗಸೂತ್ರವು ಸಾಧನೆಗೆ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳುವುದು ವ್ಯಾಧಿಯನ್ನು. ಸಂಶಯ, ಪ್ರಮಾದ, ಆಲಸ್ಯಗಳೆಲ್ಲ ಅದರ ತರುವಾಯ ಬರುತ್ತವೆ. ಹಲ್ಲು ನೋಯುತ್ತಿರುವವನಿಗೆ ವೇದಾಂತಶ್ರವಣದಲ್ಲಿ ಮನಸ್ಸು ನಿಲ್ಲದೆಂಬುದು ಎಲ್ಲರ ಅನುಭವ.

ನಮ್ಮ ಸಂಪ್ರದಾಯದಲ್ಲಿ ದೇಹಬಲವನ್ನು ಹೀನವಾಗಿ ಎಣಿಸಿದ್ದೇ ಇಲ್ಲ. ಹನುಮ, ಭೀಮ, ಮಧ್ವರೆಂಬ ಮೂರು ಅವತಾರಗಳಲ್ಲಿಯೂ ವಾಯುದೇವರು ಬಲ ಮತ್ತು ಜ್ಞಾನಗಳನ್ನು ಒಟ್ಟಿಗೆ ತೋರಿದರು. ನಾರಾಯಣಪಂಡಿತಾಚಾರ್ಯರು 16 ಸರ್ಗಗಳ ಸುಮಧ್ವವಿಜಯದಲ್ಲಿ, ಶ್ರೀಮದಾಚಾರ್ಯರು ವಿದ್ಯಾರ್ಥಿದೆಸೆಯಲ್ಲಿ ಓಟ, ನೆಗೆತ, ಈಜು, ಮಲ್ಲಯುದ್ಧಗಳಲ್ಲಿ ಒಡನಾಡಿಗಳನ್ನು ಮೀರಿಸುತ್ತಿದ್ದುದನ್ನು ವರ್ಣಿಸಿದ್ದಾರೆ. ಗಂಡವಾಟನೆಂಬ ಬಲಶಾಲಿಯು ಆಚಾರ್ಯರು ನೆಲಕ್ಕೆ ಊರಿದ ಬೆರಳನ್ನು ಕದಲಿಸಲಾರದೆ ಸೋತ ಪ್ರಸಂಗವನ್ನು ಅದೇ ಕಾವ್ಯದ ಪಾರಾಯಣದಲ್ಲಿ ಎಲ್ಲರೂ ಕೇಳಿದ್ದೇವೆ. ಕಳಸದ ಬಳಿ ಭದ್ರಾನದಿಯ ಅಂಬುತೀರ್ಥದಲ್ಲಿ ಆಚಾರ್ಯರು ಒಂದೇ ಕೈಯಿಂದ ಎತ್ತಿಟ್ಟರೆಂದು ಪ್ರಸಿದ್ಧವಾದ ಬಂಡೆಯನ್ನು ಇಂದಿಗೂ ಯಾತ್ರಿಕರು ದರ್ಶಿಸುತ್ತಾರೆ. ಈ ಬಲವು ಪ್ರದರ್ಶನಕ್ಕೆ ಬಳಕೆಯಾಗಲಿಲ್ಲ, ಶ್ರೀಹರಿಯ ಸೇವೆಗೆ ಸಂದಿತು. ನಮ್ಮ ಅಲ್ಪಬಲಕ್ಕೂ ಅದೇ ನಿಯಮವು ಅನ್ವಯಿಸತಕ್ಕದ್ದು.

ಉಸಿರಾಡಿಸುವವನು ಯಾರು?

ಈಗ ಎರಡನೆಯ ಪೂರ್ವಪಕ್ಷವನ್ನು ನೋಡೋಣ. ತರಗತಿಯ ಪ್ರಾಣಾಯಾಮವೂ ಸಂಧ್ಯಾವಂದನೆಯ ಪ್ರಾಣಾಯಾಮವೂ ಒಂದೇ ಎಂಬುದು ಅದರ ತಿರುಳು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಎಂದು ತೋರುವುದು ಸಹಜ. ಮೂಗಿನ ಹೊಳ್ಳೆ ಒಂದೇ, ಗಾಳಿಯೂ ಒಂದೇ. ಭೇದವಿರುವುದು ಅನುಸಂಧಾನದಲ್ಲಿ.

ಛಾಂದೋಗ್ಯ, ಬೃಹದಾರಣ್ಯಕಗಳೆರಡರಲ್ಲಿಯೂ ಬರುವ ಒಂದು ಕಥೆ ಇದಕ್ಕೆ ಮೂಲಾಧಾರ. ವಾಕ್ಕು, ಕಣ್ಣು, ಕಿವಿ, ಮನಸ್ಸು ಮತ್ತು ಪ್ರಾಣ ತಮ್ಮಲ್ಲಿ ಯಾರು ಹಿರಿಯರೆಂದು ವಾದಮಾಡಿ ಪ್ರಜಾಪತಿಯ ಬಳಿಗೆ ಹೋದರು. ಯಾರು ಹೊರಟುಹೋದರೆ ಈ ದೇಹವು ತೀರ ಹೀನಸ್ಥಿತಿಗೆ ಬರುವುದೋ ಅವರೇ ಹಿರಿಯರೆಂದು ಅವನು ಹೇಳಿದನು. ವಾಕ್ಕು ಒಂದು ವರ್ಷ ಹೊರಗಿದ್ದು ಬಂದು ನೋಡಿದರೆ, ಮೂಗನಂತೆ ದೇಹವು ಬದುಕಿತ್ತು. ಕಣ್ಣು ಹೋದಾಗ ಕುರುಡನಂತೆ, ಕಿವಿ ಹೋದಾಗ ಕಿವುಡನಂತೆ, ಮನಸ್ಸು ಹೋದಾಗ ಎಳೆಮಗುವಿನಂತೆ ಬದುಕಿತ್ತು. ಪ್ರಾಣನು ಹೊರಡಲು ಅನುವಾದೊಡನೆಯೇ, ಉತ್ತಮವಾದ ಕುದುರೆಯು ತನ್ನನ್ನು ಕಟ್ಟಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಹೊರಟಂತೆ, ಉಳಿದವರೆಲ್ಲರೂ ಬೇರುಸಹಿತ ಕೀಳತೊಡಗಿದರು. ಆಗ ಎಲ್ಲರೂ ಅವನ ಹಿರಿತನವನ್ನು ಒಪ್ಪಿದರು. ಈ ಹಿರಿಯನೇ ನಮ್ಮ ಮುಖ್ಯಪ್ರಾಣದೇವರು. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ರೂಪಗಳಿಂದ ನಮ್ಮೊಳಗಿದ್ದು, ಜೀವನಿಗೆ ಎಚ್ಚರವಿರಲಿ ಇಲ್ಲದಿರಲಿ, ದೇಹದ ವ್ಯಾಪಾರವನ್ನು ನಡೆಸುತ್ತಿರುವವರು ಅವರು.

ನಾವು ನಿತ್ಯವೂ ಸಂಕಲ್ಪದಲ್ಲಿ ಸ್ಮರಿಸುವ 21,600 ಹಂಸಮಂತ್ರಜಪದ ಲೆಕ್ಕವೂ ಇದೇ. ನಿಮಿಷಕ್ಕೆ 15 ಉಸಿರಿನಂತೆ, ದಿನದ 1,440 ನಿಮಿಷಗಳಿಗೆ ಸರಿಯಾಗಿ 21,600 ಉಸಿರುಗಳಾಗುತ್ತವೆ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20ರವರೆಗೆ ಇರುವುದು ಸಾಮಾನ್ಯವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಈ ಜಪವನ್ನು ಮಾಡುವವರು ನಾವಲ್ಲ, ನಮ್ಮೊಳಗಿದ್ದು ವಾಯುದೇವರು ಮಾಡುತ್ತಿದ್ದಾರೆ. ಅದನ್ನು ತಿಳಿದು ಅವರ ಅಂತರ್ಗತನಾದ ಶ್ರೀಹರಿಗೆ ಸಮರ್ಪಿಸುವುದಷ್ಟೇ ನಮ್ಮ ಪಾಲಿನ ಕೆಲಸ. ‘ನಾನು ಉಸಿರನ್ನು ನಿಯಂತ್ರಿಸುತ್ತೇನೆ’ ಎಂಬ ಭಾವನೆಯಿಂದ ಮಾಡಿದ ಪ್ರಾಣಾಯಾಮವು ಒಂದು ಒಳ್ಳೆಯ ವ್ಯಾಯಾಮ. ‘ಉಸಿರಾಡಿಸುವವನ ಎದುರಿನಲ್ಲಿ ಕುಳಿತಿದ್ದೇನೆ’ ಎಂಬ ಭಾವನೆಯಿಂದ ವ್ಯಾಹೃತಿ, ಗಾಯತ್ರಿಗಳೊಡನೆ ಮಾಡಿದ್ದು ಉಪಾಸನೆ. ಲೋಹವನ್ನು ತಿದಿಯೂದಿ ಕಾಯಿಸಿದಾಗ ಅದರ ಮಲವು ಸುಡುವಂತೆ ಪ್ರಾಣನಿಗ್ರಹದಿಂದ ಇಂದ್ರಿಯಗಳ ದೋಷಗಳು ಸುಡುತ್ತವೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ಹೇಳುವಾಗ, ಅದು ಮಂತ್ರಸಹಿತವಾದ ಪ್ರಾಣಾಯಾಮವನ್ನೇ ಕುರಿತು ಹೇಳುತ್ತದೆ.

ಅಷ್ಟೇ ಅಲ್ಲ, ಸಂಧ್ಯಾವಂದನೆಯು ನಿತ್ಯಕರ್ಮ. ಶ್ರೀಮದಾಚಾರ್ಯರು ಸದಾಚಾರಸ್ಮೃತಿಯಲ್ಲಿ ಏಳುವುದರಿಂದ ಮಲಗುವವರೆಗಿನ ನಿತ್ಯಕರ್ಮಗಳ ಕ್ರಮವನ್ನು ತಿಳಿಸಿದ್ದಾರೆ. ನಿತ್ಯಕರ್ಮವನ್ನು ಪ್ರಯೋಜನದ ಲೆಕ್ಕ ಹಾಕಿ ಮಾಡುವುದಲ್ಲ. ಅದು ತೀರಿಸಬೇಕಾದ ಋಣ. ಬೇರೊಬ್ಬರಿಗೆ ಹಣ ಕೊಟ್ಟು, ಸಾಲಗಾರನಿಗೆ ಕೊಟ್ಟಂತೆಯೇ ಆಯಿತೆಂದರೆ ಅವನು ಒಪ್ಪುವನೆ? ಯೋಗದಿಂದ ರಕ್ತದೊತ್ತಡ ಇಳಿಯಬಹುದು, ಬೆನ್ನುನೋವು ತಗ್ಗಬಹುದು. ಸಂಧ್ಯೆಯ ಋಣವು ತೀರುವುದಿಲ್ಲ. ಹೀಗೆ ಎರಡನೆಯ ಪೂರ್ವಪಕ್ಷವೂ ನಿಲ್ಲುವುದಿಲ್ಲ.

ತರಗತಿಯಲ್ಲಿ ಕುಳಿತಾಗ ಎಚ್ಚರಿಕೆ

ಇಲ್ಲಿ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಅನೇಕ ತರಗತಿಗಳಲ್ಲಿ ಕೊನೆಯ ಶವಾಸನದಲ್ಲಿಯೋ ಧ್ಯಾನದಲ್ಲಿಯೋ, ‘ನಾನೇ ಪರಿಪೂರ್ಣ’, ‘ನಾನೇ ಆ ಪರವಸ್ತು’, ‘ಶೂನ್ಯದಲ್ಲಿ ಕರಗಿಹೋಗುತ್ತಿದ್ದೇನೆ’ ಎಂದು ಭಾವಿಸುವಂತೆ ಶಿಕ್ಷಕರು ಹೇಳುವುದುಂಟು. ಅವರು ಸದುದ್ದೇಶದಿಂದಲೇ ಹೇಳುತ್ತಾರೆ. ಆದರೆ ಜೀವನು ಅಸ್ವತಂತ್ರನು, ಶ್ರೀಹರಿಯ ನಿತ್ಯದಾಸನು ಎಂಬುದು ನಮ್ಮ ಸಿದ್ಧಾಂತದ ತಳಹದಿ. ಮನಸ್ಸು ಶಾಂತವಾಗಿ ಮೆತ್ತಗಾಗಿರುವ ಆ ಗಳಿಗೆಯಲ್ಲಿ ಬಿದ್ದ ಭಾವನೆಯು ಬೇಗನೆ ಬೇರೂರುತ್ತದೆ. ಹಾಗೆಂದು ಶಿಕ್ಷಕರೊಡನೆ ವಾದಕ್ಕೆ ನಿಲ್ಲುವುದಾಗಲಿ, ತರಗತಿಯನ್ನೇ ಬಿಡುವುದಾಗಲಿ ಬೇಕಿಲ್ಲ. ಅವರ ಮಾತು ನಡೆಯುತ್ತಿರುವಾಗ ಒಳಗೆ ನಮ್ಮ ಅನುಸಂಧಾನವನ್ನು ನಡೆಸಿಕೊಳ್ಳಬೇಕು: ‘ಈ ದೇಹವು ನನ್ನದಲ್ಲ, ಸ್ವಾಮಿಯು ಕೊಟ್ಟದ್ದು, ಈ ಉಸಿರನ್ನು ನಡೆಸುವವರು ಮುಖ್ಯಪ್ರಾಣರು, ಅವರ ಅಂತರ್ಗತನಾದ ಬಿಂಬರೂಪಿಯು ನನ್ನ ಹೃದಯದಲ್ಲಿದ್ದಾನೆ.’ ಕಣ್ಣು ಮುಚ್ಚಿದವನು ಏನನ್ನು ಸ್ಮರಿಸುತ್ತಾನೆಂದು ಕೇಳುವವರು ಯಾರೂ ಇಲ್ಲ. ಮಕ್ಕಳನ್ನು ಯೋಗಕ್ಕೆ ಕಳುಹಿಸುವ ತಾಯಿತಂದೆಗಳು ಇದನ್ನು ಮೊದಲೇ ಹೇಳಿಕೊಡಬೇಕು.

ಸೂರ್ಯನಮಸ್ಕಾರಕ್ಕೂ ಇದೇ ಕ್ರಮ. ಇಂದು ವ್ಯಾಯಾಮವಾಗಿ ಹಬ್ಬಿರುವ ಸೂರ್ಯನಮಸ್ಕಾರಕ್ಕೆ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಳ ಪ್ರಚಾರ ಕೊಟ್ಟವರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜರಾಗಿದ್ದ ಭವಾನರಾವ್ ಪಂತಪ್ರತಿನಿಧಿಯವರು. ಸೂರ್ಯಮಂಡಲದ ನಡುವೆ ಇರುವ ನಾರಾಯಣನಿಗೆ ನಮಸ್ಕರಿಸುತ್ತಿದ್ದೇನೆಂಬ ಎಚ್ಚರವಿದ್ದರೆ ಅದೇ ವ್ಯಾಯಾಮವು ಸೇವೆಯಾಗುತ್ತದೆ.

ಆಚಾರವಂತರ ದೃಷ್ಟಾಂತ

ಅನುಷ್ಠಾನ ಮತ್ತು ಆಸನಾಭ್ಯಾಸ ಒಂದೆಡೆ ಇರಬಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಚಿತ್ರದುರ್ಗ ಪ್ರಾಂತದ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಶ್ರೀವೈಷ್ಣವ ಸಂಪ್ರದಾಯನಿಷ್ಠರು, ದರ್ಶನಶಾಸ್ತ್ರಗಳಲ್ಲಿ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಮುಂದೆ ಮದರಾಸಿನಲ್ಲಿ ನೆಲಸಿ ನೂರು ವರ್ಷಗಳ ತುಂಬುಜೀವನವನ್ನು ನಡೆಸಿ 1989ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. 1937ರಲ್ಲಿ ಪುಣೆಗೆ ಹೋಗಿ, 1975ರಲ್ಲಿ ಅಲ್ಲಿ ಯೋಗಸಂಸ್ಥೆಯನ್ನು ತೆರೆದು, 2014ರಲ್ಲಿ 95ನೆಯ ವಯಸ್ಸಿನಲ್ಲಿ ನಿಧನರಾದರು. ಕುರ್ಚಿ, ಹಗ್ಗ, ಪಟ್ಟಿ, ದಿಂಬುಗಳ ಆಧಾರದಿಂದ ವೃದ್ಧರೂ ರೋಗಿಗಳೂ ಆಸನ ಮಾಡುವಂತೆ ಅವರು ರೂಢಿಸಿದ ಕ್ರಮವು ಮಂಡಿನೋವಿನ ಹಿರಿಯರಿಗೆ ವಿಶೇಷವಾಗಿ ಉಪಯುಕ್ತ. ಮುಂಬಯಿಯಲ್ಲಿ ಶ್ರೀ ಯೋಗೇಂದ್ರರು 1918ರಲ್ಲಿ ಆರಂಭಿಸಿದ ಸಂಸ್ಥೆಯೂ, ಲೋಣಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಸ್ಥಾಪಿಸಿದ ಕೈವಲ್ಯಧಾಮವೂ ಪಶ್ಚಿಮಭಾಗದ ನಮ್ಮವರಿಗೆ ಪರಿಚಿತವಾದವೇ.

ಅಭ್ಯಾಸಕ್ರಮ

ಗೃಹಸ್ಥರಿಗೆ ಅನುಕೂಲವಾಗುವಂತೆ ಕೆಲವು ಸೂಚನೆಗಳನ್ನು ಇಲ್ಲಿ ಕೊಡಲಾಗಿದೆ.

1. ಕಾಲ: ಬೆಳಗ್ಗೆ ಎದ್ದು ಶೌಚಾದಿಗಳನ್ನು ಮುಗಿಸಿ, ಬರಿ ಹೊಟ್ಟೆಯಲ್ಲಿ 20ರಿಂದ 30 ನಿಮಿಷ ಆಸನಗಳನ್ನು ಮಾಡುವುದು. ಬೆವರು ಆರಿದ ಮೇಲೆ ಸ್ನಾನ, ಅನಂತರ ಸಂಧ್ಯಾವಂದನೆ. ಈ ಕ್ರಮದಲ್ಲಿ ಮಡಿಗೂ ತೊಡಕಿಲ್ಲ; ಸಡಿಲಗೊಂಡ ದೇಹವು ಜಪಕ್ಕೆ ಸುಖವಾಗಿ ಕುಳಿತುಕೊಳ್ಳುತ್ತದೆ. ಬೆಳಗ್ಗೆ ಎರಡಕ್ಕೂ ಸಮಯವಿಲ್ಲದವರು ಸಂಧ್ಯೆಯನ್ನು ಬೆಳಗ್ಗೆ ಇಟ್ಟುಕೊಂಡು ಆಸನವನ್ನು ಸಂಜೆಗೆ ಹಾಕಿಕೊಳ್ಳಬೇಕೇ ಹೊರತು ಇದಕ್ಕೆ ವಿಪರೀತವಾಗಿ ಮಾಡಬಾರದು. ಆಸನಕ್ಕೆ ಕಾಲವನ್ನು ಬದಲಾಯಿಸಬಹುದು, ಸೂರ್ಯೋದಯಕ್ಕಲ್ಲ.

2. ಸ್ಥಳ: ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ಕುಳಿತುಕೊಳ್ಳುವುದೆಂದು ಸಂಕೋಚಪಡಬೇಕಿಲ್ಲ. ಎಲ್ಲಿ ಮನಸ್ಸು ಏಕಾಗ್ರವಾಗುವುದೋ ಅದೇ ತಕ್ಕ ಸ್ಥಳವೆಂದು ಮೇಲೆ ಹೇಳಿದ ಅಧಿಕರಣದಲ್ಲಿಯೇ ಸೂತ್ರಕಾರರು ಸಮಾಧಾನ ಹೇಳಿದ್ದಾರೆ.

3. ಆಸನಗಳು: ನಿಲ್ಲುವುದಕ್ಕೆ ತಾಡಾಸನ, ಗೋಡೆಯ ಆಸರೆಯಿಂದ ವೃಕ್ಷಾಸನ, ಬೆನ್ನಿಗೆ ಭುಜಂಗಾಸನ, ಸೊಂಟ ಹೊಟ್ಟೆಗಳಿಗೆ ಪವನಮುಕ್ತಾಸನ, ಕುಳಿತುಕೊಳ್ಳುವುದಕ್ಕೆ ಸ್ವಸ್ತಿಕಾಸನ ಅಥವಾ ಸುಖಾಸನ, ಕೊನೆಗೆ ಶವಾಸನ. ಇಷ್ಟೇ ಸಾಕು. ಅರುವತ್ತು ದಾಟಿದವರು ಬೀಳುವ ಭಯವಿರುವುದರಿಂದ ತೋಲನದ ಅಭ್ಯಾಸವನ್ನು ತಪ್ಪಿಸಬಾರದು. ಪುಸ್ತಕ ನೋಡಿ, ಚಿತ್ರ ನೋಡಿ ಮಾಡದೆ ತಿಳಿದವರಿಂದ ಕಲಿಯಬೇಕು.

4. ನಡಿಗೆ: ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮಗತಿಯ ದೇಹಶ್ರಮವನ್ನು ಹೇಳಿದೆ. ನಿಧಾನವಾಗಿ ಮಾಡುವ ಆಸನಗಳು ಮಾತ್ರವೇ ಇದಕ್ಕೆ ಸಾಲವು. ಬಿರುಸಿನ ನಡಿಗೆಯೂ ಬೇಕು. ಮಠಕ್ಕೆ ನಡೆದೇ ಹೋಗುವುದು ಎರಡು ವಿಧದಲ್ಲಿ ಲಾಭ.

5. ನಿಷೇಧಗಳು: ಅಧಿಕ ರಕ್ತದೊತ್ತಡ, ಹೃದ್ರೋಗ, ಗ್ಲಾಕೋಮಾ, ಕುತ್ತಿಗೆಯ ಮೂಳೆಸವೆತ ಇರುವವರು ಶೀರ್ಷಾಸನ, ಸರ್ವಾಂಗಾಸನಗಳಿಗೆ ಕೈಹಾಕಬಾರದು, ಉಸಿರನ್ನು ಬಲವಂತವಾಗಿ ಹಿಡಿಯಲೂಬಾರದು. ಇಂಥವರು ಸಂಧ್ಯಾವಂದನೆಯ ಪ್ರಾಣಾಯಾಮವನ್ನೂ ಆಯಾಸವಾಗದಷ್ಟೇ ಮಾಡಬೇಕು. ಮೂಳೆಗಳು ಟೊಳ್ಳಾದವರು ಬೆನ್ನನ್ನು ಬಹಳ ಬಗ್ಗಿಸಬಾರದು. ಗರ್ಭಿಣಿಯರೂ, ಶಸ್ತ್ರಚಿಕಿತ್ಸೆಯಾದವರೂ ವೈದ್ಯರನ್ನು ಕೇಳಿಯೇ ಮಾಡಬೇಕು. ಯೋಗ ಆರಂಭಿಸಿದೆನೆಂದು ಔಷಧವನ್ನು ನಿಲ್ಲಿಸುವುದು ಅಪಾಯಕರ.

6. ಆಹಾರ: ಅತಿಯಾಗಿ ತಿನ್ನುವವನಿಗೂ, ಏನನ್ನೂ ತಿನ್ನದವನಿಗೂ, ಬಹಳ ಮಲಗುವವನಿಗೂ, ನಿದ್ರೆಗೆಟ್ಟವನಿಗೂ ಯೋಗವು ಸಿದ್ಧಿಸದೆಂದು ಗೀತಾಚಾರ್ಯನ ಉಪದೇಶ. ಏಕಾದಶಿಯಂದು ಶ್ರಮದ ಆಸನಗಳನ್ನು ಬಿಟ್ಟು ಜಪಧ್ಯಾನಗಳಲ್ಲಿ ಕಳೆಯುವುದು ಉಚಿತ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಉಪವಾಸದ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು. ಔಷಧದಿಂದ ವ್ರತಭಂಗವಾಗದೆಂದು ಸ್ಮೃತಿಗಳೇ ಹೇಳಿವೆ.

7. ಗೃಹಿಣಿಯರು: ದಿನವೆಲ್ಲ ಅಡಿಗೆಮನೆಯಲ್ಲಿ ನಿಂತು ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆಂದು ಕೆಲವರು ಕೇಳುತ್ತಾರೆ. ನಿಂತು ದಣಿಯುವುದು ಬೇರೆ, ದೇಹವನ್ನು ಬಲಪಡಿಸುವುದು ಬೇರೆ. ಮನೆಯ ಗಂಡಸರು ಬೆಳಗಿನ ಕಾಫಿಯನ್ನು ತಾವೇ ಮಾಡಿಕೊಂಡರೆ ಅವರಿಗೆ ಅರ್ಧ ಗಂಟೆ ದೊರೆಯುತ್ತದೆ. ತುಳಸೀಪ್ರದಕ್ಷಿಣೆ, ನಮಸ್ಕಾರಗಳೊಡನೆ ಆ ಅರ್ಧ ಗಂಟೆಯೂ ಅವರ ಹಕ್ಕು.

8. ಅಶಕ್ತರು: ಎಷ್ಟು ಪ್ರಯತ್ನಿಸಿದರೂ ನೆಲಕ್ಕೆ ಕುಳಿತುಕೊಳ್ಳಲಾಗದ ಹಿರಿಯರು ದುಃಖಿಸಬೇಕಿಲ್ಲ. ಸ್ಥಿರವೂ ಸುಖವೂ ಆದದ್ದು ಆಸನವಾದ ಮೇಲೆ, ಅವರಿಗೆ ಬೆನ್ನು ನೆಟ್ಟಗಿರುವ ಕುರ್ಚಿಯೇ ಆಸನ. ಕುರ್ಚಿಯಲ್ಲಿ ಕುಳಿತು ಮಾಡಿದ ಜಪವು ಮಾಡದೆ ಬಿಟ್ಟ ಜಪಕ್ಕಿಂತ ಸಾವಿರಪಾಲು ಮೇಲು.

ಉಪಸಂಹಾರ

ಇಲ್ಲಿಯವರೆಗಿನ ವಿಚಾರದ ಸಾರಾಂಶವಿಷ್ಟು. ಆಸನಾಭ್ಯಾಸವು ಅವೈದಿಕವೂ ಅಲ್ಲ, ತ್ಯಾಜ್ಯವೂ ಅಲ್ಲ. ಉಪಾಸನೆಗೆ ಬೇಕಾದ ದೇಹವನ್ನು ಕಾಪಾಡುವ ಸಾಧನ. ಆದರೆ ಅದು ಉಪಾಸನೆಯಲ್ಲ, ನಿತ್ಯಕರ್ಮಕ್ಕೆ ಬದಲಿಯೂ ಅಲ್ಲ. ಅಂಗವನ್ನು ಅಂಗವೆಂದು ಕರೆದರೆ ಅಂಗಿಗೆ ಹಾನಿಯಿಲ್ಲ.

ಆದಕಾರಣ ಹಿರಿಯರು ಮಕ್ಕಳ ಚಾಪೆಯನ್ನು ಕಂಡು ಮುಖ ಸಿಂಡರಿಸದಿರಲಿ; ಅವರ ಪಕ್ಕದಲ್ಲಿ ತಾವೂ ಒಂದು ಚಾಪೆ ಹಾಸಿ ತಾಡಾಸನವನ್ನಾದರೂ ಕಲಿಯಲಿ. ಕಿರಿಯರು ಚಾಪೆಯನ್ನು ಸುತ್ತಿಟ್ಟು, ಸ್ನಾನಮಾಡಿ, ಹಿರಿಯರ ಪಕ್ಕದಲ್ಲಿ ಮಣೆ ಹಾಕಿಕೊಂಡು ಪಂಚಪಾತ್ರೆ, ಉದ್ಧರಣೆಗಳನ್ನು ಕೈಗೆ ತೆಗೆದುಕೊಳ್ಳಲಿ. ಒಬ್ಬರು ಕಲಿಸಬೇಕಾದದ್ದು ಇನ್ನೊಬ್ಬರ ಬಳಿ ಇದೆ. ಮುಖ್ಯಪ್ರಾಣರು ಈ ದೇಹದಲ್ಲಿ 21,600 ಜಪವನ್ನು ನಡೆಸುತ್ತಿರುವವರೆಗೆ ಮಾತ್ರ ಇಬ್ಬರಿಗೂ ಕಾಲಾವಕಾಶ.

॥ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥